ವಾಹನ ದಟ್ಟಣೆ: ಹುಣಸೂರು ಉಪವಿಭಾಗದ ಪಟ್ಟಣಗಳು

ವಾಹನ ದಟ್ಟಣೆ ಎಂದರೆ ಒಂದು ರಸ್ತೆ ನಿಗದಿತ ಅವಧಿಯಲ್ಲಿ ಸಾಗಹಾಕಬಲ್ಲ ಪ್ರಮಾಣಕ್ಕಿಂತ ಹೆಚ್ಚು ವಾಹನಗಳು ಅದರ ಮೇಲೆ ಬಂದು ಸೇರಿ, ವೇಗ ಕುಗ್ಗಿ, ಸಾಲು ಬೆಳೆದು, ಪ್ರಯಾಣದ ಅವಧಿ ಹಿಗ್ಗುವ ಸ್ಥಿತಿ. ಇದನ್ನು ಸಾಮಾನ್ಯವಾಗಿ ಮಹಾನಗರಗಳ ಲಕ್ಷಣವೆಂದು ಎಣಿಸಲಾಗುತ್ತದೆ. ಆದರೆ ಹೆದ್ದಾರಿಯೇ ಊರಿನ ಪೇಟೆಬೀದಿಯೂ ಆಗಿರುವ ತಾಲ್ಲೂಕು ಕೇಂದ್ರಗಳಲ್ಲಿ ಜನಸಂಖ್ಯೆ ಕಡಿಮೆಯಿದ್ದರೂ ಅದೇ ಸ್ಥಿತಿ ಒದಗುತ್ತದೆ. ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ (ಕೆ.ಆರ್.ನಗರ) ಮತ್ತು ಹೆಗ್ಗಡದೇವನಕೋಟೆ (ಎಚ್.ಡಿ.ಕೋಟೆ) ಪಟ್ಟಣಗಳು ಇದಕ್ಕೆ ಉದಾಹರಣೆ. ಈ ನಾಲ್ಕೂ ತಾಲ್ಲೂಕುಗಳು, ಇವುಗಳಿಂದ ಬೇರ್ಪಟ್ಟ ಸಾಲಿಗ್ರಾಮ ಮತ್ತು ಸರಗೂರು ತಾಲ್ಲೂಕುಗಳೊಂದಿಗೆ, ಹುಣಸೂರು ಕಂದಾಯ ಉಪವಿಭಾಗಕ್ಕೆ ಸೇರುತ್ತವೆ. ಇವುಗಳಲ್ಲಿ ದೊಡ್ಡದಾದ ಹುಣಸೂರಿನ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 50 ಸಾವಿರ ಇತ್ತು. ಅದೇ ವರ್ಷ ಬೆಂಗಳೂರಿನದು 84 ಲಕ್ಷ.

ಪರಿಭಾಷೆ

ಆಡುಮಾತಿನಲ್ಲಿ ‘ಟ್ರಾಫಿಕ್’, ‘ಜಾಮ್’, ‘ದಟ್ಟಣೆ’ ಮೂರನ್ನೂ ಒಂದೇ ಅರ್ಥದಲ್ಲಿ ಬಳಸುವುದುಂಟು. ಈ ಲೇಖನದಲ್ಲಿ ರಸ್ತೆಯ ಮೇಲಿನ ಎಲ್ಲ ಓಡಾಟಕ್ಕೂ ‘ಸಂಚಾರ’ ಎಂದಿದೆ. ಅದು ಸಾಮರ್ಥ್ಯವನ್ನು ಮೀರಿ ನಿಧಾನವಾದರೆ ‘ದಟ್ಟಣೆ’, ಪೂರ್ತಿ ನಿಂತುಹೋದರೆ ‘ಜಾಮ್’. ಒಂದು ಗಂಟೆಯಲ್ಲಿ ರಸ್ತೆಯೊಂದು ಸಾಗಹಾಕಬಲ್ಲ ಗರಿಷ್ಠ ಸಂಚಾರವೇ ಅದರ ‘ಸಾಮರ್ಥ್ಯ’. ರಸ್ತೆಯ ಅಗಲ ಅಥವಾ ಬಳಕೆಗೆ ಸಿಗುವ ಜಾಗ ಥಟ್ಟನೆ ಕಡಿಮೆಯಾಗುವ ತಾಣಕ್ಕೆ ‘ಇಕ್ಕಟ್ಟು’ ಎಂದಿದೆ.

ಬೇರೆ ಬೇರೆ ಗಾತ್ರದ ವಾಹನಗಳನ್ನು ಒಂದೇ ಅಳತೆಗೆ ತರಲು ಬಳಸುವ ಮಾನಕ್ಕೆ ‘ಕಾರು ಸಮಾನಾಂಕ’ ಎಂಬ ಪದವನ್ನು ಇಟ್ಟುಕೊಳ್ಳಲಾಗಿದೆ. 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ನಗರ ರಸ್ತೆಗಳ ಸಾಮರ್ಥ್ಯ ಕುರಿತು 1990ರಲ್ಲಿ ಪ್ರಕಟಿಸಿದ 106ನೇ ಮಾರ್ಗಸೂಚಿಯಲ್ಲಿ ಈ ಸಮಾನಾಂಕಗಳಿವೆ. ಅದರ ಪ್ರಕಾರ ಕಾರು 1 ಆದರೆ ದ್ವಿಚಕ್ರ ವಾಹನ 0.5ರಿಂದ 0.75, ಆಟೊ 1.2ರಿಂದ 2, ಬಸ್ಸು ಅಥವಾ ಲಾರಿ 2.2ರಿಂದ 3.7, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 4ರಿಂದ 5. ಒಟ್ಟು ಸಂಚಾರದಲ್ಲಿ ಆ ಬಗೆಯ ವಾಹನದ ಪಾಲು ಶೇ 5ರಷ್ಟಿದ್ದರೆ ಮೊದಲ ಅಂಕಿ, ಶೇ 10 ಅಥವಾ ಅದಕ್ಕೂ ಹೆಚ್ಚಿದ್ದರೆ ಎರಡನೆಯದು. ಹೊಗೆಸೊಪ್ಪು, ಭತ್ತ, ರಾಗಿ, ಶುಂಠಿ ಬೆಳೆಯುವ ಈ ಸೀಮೆಗೆ ಈ ಪಟ್ಟಿಯ ಕೊನೆಯ ಸಾಲೇ ಮುಖ್ಯ. ಪೇಟೆಬೀದಿಗೆ ಬಂದ ಒಂದು ಟ್ರ್ಯಾಕ್ಟರ್ ಲೆಕ್ಕದಲ್ಲಿ ನಾಲ್ಕೈದು ಕಾರುಗಳಿಗೆ ಸಮ.

ಹಿನ್ನೆಲೆ

ಈ ಊರುಗಳ ರಸ್ತೆಗಳು ಮೋಟಾರು ವಾಹನಕ್ಕಿಂತ ಹಳೆಯವು. ಲಕ್ಷ್ಮಣತೀರ್ಥ ನದಿಯ ದಡದ ಹುಣಸೂರು ಮೈಸೂರಿನಿಂದ ಕೊಡಗಿಗೆ ಹೋಗುವ ದಾರಿಯಲ್ಲಿದ್ದು, 1864ರವರೆಗೆ ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಾಗಿತ್ತು. ಸೈನ್ಯದ ಸರಬರಾಜಿಗೆ ಬೇಕಾದ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಅಡ್ಡೆಗಳು ಇಲ್ಲಿದ್ದವು. ಅವು ಮುಚ್ಚಿದ ಮೇಲೂ ಹುಣಸೂರಿನ ಎತ್ತಿನ ಗಾಡಿಗಳು ಹೆಸರು ಉಳಿಸಿಕೊಂಡವು. ಇಂದಿನ ಪೇಟೆಯ ಒಳಬೀದಿಗಳ ಅಗಲ ಹೆಚ್ಚೂಕಡಿಮೆ ಆ ಗಾಡಿಗಳ ಕಾಲದ್ದೇ.

ಪಿರಿಯಾಪಟ್ಟಣ ಚಂಗಾಳ್ವರ ಕಾಲದ ಕೋಟೆಯ ಊರು, ಎಚ್.ಡಿ.ಕೋಟೆಯ ಹೆಸರಲ್ಲೇ ಕೋಟೆಯಿದೆ. ಕೋಟೆಯ ಸುತ್ತ ಬೆಳೆದ ಊರುಗಳಲ್ಲಿ ಬೀದಿಗಳು ಕಿರಿದು, ತಿರುವುಗಳು ಹೆಚ್ಚು. ಇದಕ್ಕೆ ಹೊರತಾದದ್ದು ಕೆ.ಆರ್.ನಗರ. ಕಾವೇರಿಯ ಪ್ರವಾಹಕ್ಕೆ ಸಿಕ್ಕುತ್ತಿದ್ದ ಯಡತೊರೆಯ ಮಗ್ಗುಲಲ್ಲಿ, 20ನೇ ಶತಮಾನದ ಮೊದಲರ್ಧದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ನೇರ ಹಾಗೂ ಅಗಲ ಬೀದಿಗಳನ್ನು ಹಾಕಿ ಕಟ್ಟಿದ ಊರು ಅದು. ಅಗಲ ಬೀದಿಯಿದ್ದೂ ಅಲ್ಲಿ ದಟ್ಟಣೆ ತಪ್ಪಿಲ್ಲ. ಅದರ ಕಾರಣವನ್ನು ಮುಂದೆ ವಿವರಿಸಿದೆ.

ರಸ್ತೆಜಾಲದ ರಚನೆ

ಈ ಸೀಮೆಯ ಬೆನ್ನೆಲುಬು ಮೈಸೂರು–ಬಂಟ್ವಾಳ ರಸ್ತೆ. ಮೊದಲು ರಾಜ್ಯ ಹೆದ್ದಾರಿ 88 ಆಗಿದ್ದ ಇದು ಈಗ ಬೆಂಗಳೂರಿನಿಂದ ಆರಂಭವಾಗುವ ರಾಷ್ಟ್ರೀಯ ಹೆದ್ದಾರಿ 275ರ ಭಾಗ. ಮೈಸೂರು ದಾಟಿದ ಮೇಲೆ ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಹಾದು ಬಂಟ್ವಾಳ ಸೇರುತ್ತದೆ. ಹುಣಸೂರು ಮತ್ತು ಪಿರಿಯಾಪಟ್ಟಣ ಎರಡರಲ್ಲೂ ಊರೊಳಗಿನ ಮುಖ್ಯ ಬೀದಿಗೆ ಬಿ.ಎಂ.ರಸ್ತೆ, ಅಂದರೆ ಬೆಂಗಳೂರು–ಮಂಗಳೂರು ರಸ್ತೆ, ಎಂದೇ ಹೆಸರು. ಒಂದು ಊರಿನ ಪೇಟೆಬೀದಿಗೆ ಎರಡು ದೂರದ ನಗರಗಳ ಹೆಸರು ಇರುವುದರಲ್ಲೇ ಸಮಸ್ಯೆಯ ಅರ್ಧ ಪಾಲು ಅಡಗಿದೆ.

ಬಿಳಿಕೆರೆ ಬಳಿ ಕವಲೊಡೆಯುವ ರಾಷ್ಟ್ರೀಯ ಹೆದ್ದಾರಿ 373 ಕೆ.ಆರ್.ನಗರ, ಭೇರ್ಯ, ಹೊಳೆನರಸೀಪುರದ ಕಡೆಯಿಂದ ಹಾಸನಕ್ಕೂ ಅಲ್ಲಿಂದ ಬೇಲೂರಿಗೂ ಹೋಗುತ್ತದೆ. ಹುಣಸೂರಿನಿಂದ ನೈಋತ್ಯಕ್ಕೆ ತಿತಿಮತಿ, ಗೋಣಿಕೊಪ್ಪ, ಕುಟ್ಟದ ದಾರಿ ಕೇರಳದ ಮಾನಂದವಾಡಿ ತಲುಪುತ್ತದೆ. ಎಚ್.ಡಿ.ಕೋಟೆಯ ಮೂಲಕ ಅಂತರಸಂತೆ, ಬಾವಲಿಯ ಮೇಲೆ ಹೋಗುವ ಇನ್ನೊಂದು ರಸ್ತೆಯೂ ಅದೇ ಮಾನಂದವಾಡಿಗೆ. ಪಿರಿಯಾಪಟ್ಟಣದಿಂದ ಬೆಟ್ಟದಪುರ, ರಾಮನಾಥಪುರದ ಕಡೆಗೆ ಮತ್ತೊಂದು ಕವಲಿದೆ.

ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣ ಇರುವುದು ಮೈಸೂರು–ಹಾಸನ ಮಾರ್ಗದಲ್ಲಿರುವ ಕೆ.ಆರ್.ನಗರದಲ್ಲಿ ಮಾತ್ರ. ಪಕ್ಕದ ಕೊಡಗು ಜಿಲ್ಲೆಯಲ್ಲಿ ರೈಲೇ ಇಲ್ಲ. ಹಾಗಾಗಿ ಕೊಡಗಿಗೆ ಹೋಗುವ ಸಿಮೆಂಟು, ಅಕ್ಕಿ, ಅಡುಗೆ ಅನಿಲದಿಂದ ಹಿಡಿದು ಅಲ್ಲಿಂದ ಬರುವ ಕಾಫಿ, ಮೆಣಸು, ಮರದವರೆಗೆ ಎಲ್ಲವೂ ರಸ್ತೆಯನ್ನೇ ನಂಬಬೇಕು. ಅದರ ದೊಡ್ಡ ಪಾಲು ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದೇ ಹೋಗುತ್ತದೆ.

ಕಾರಣಗಳು

ರಸ್ತೆಯಂಚಿನ ಬಳಕೆ

ನಾಲ್ಕು ಪಟ್ಟಣಗಳಿಗೂ ಸಮಾನವಾದ, ಎಲ್ಲಕ್ಕಿಂತ ಪ್ರಬಲವಾದ ಕಾರಣ ವಾಹನಗಳ ಸಂಖ್ಯೆಗಿಂತ ರಸ್ತೆಯ ಎರಡು ಅಂಚುಗಳಲ್ಲಿ ನಡೆಯುವ ವ್ಯವಹಾರ. ಐಆರ್‌ಸಿಯ ಮೇಲಿನ ಮಾರ್ಗಸೂಚಿಯೇ ಇದನ್ನು ಅಂಕಿಗಳಲ್ಲಿ ಹೇಳುತ್ತದೆ. ಎರಡೂ ದಿಕ್ಕಿಗೆ ವಾಹನ ಓಡುವ ದ್ವಿಪಥ ರಸ್ತೆಯ ಪಕ್ಕದಲ್ಲಿ ಅಂಗಡಿ–ಮನೆಗಳ ಬಾಗಿಲು ತೆರೆಯದೆ, ವಾಹನ ನಿಲ್ಲದೆ, ಅಡ್ಡ ಸಂಚಾರ ತೀರಾ ಕಡಿಮೆಯಿದ್ದರೆ ಅದರ ಸಾಮರ್ಥ್ಯ ಗಂಟೆಗೆ 1,500 ಕಾರು ಸಮಾನಾಂಕ. ಪಕ್ಕದಲ್ಲಿ ಬಾಗಿಲುಗಳಿದ್ದು ವಾಹನ ನಿಲ್ಲಿಸಲು ಅವಕಾಶವಿಲ್ಲದಿದ್ದರೆ 1,200. ಬಾಗಿಲುಗಳೂ ಇದ್ದು, ವಾಹನಗಳೂ ನಿಂತು, ಅಡ್ಡ ಸಂಚಾರವೂ ಜೋರಾಗಿದ್ದರೆ 900. ಡಾಂಬರಿನ ಅಗಲ ಒಂದು ಅಡಿಯೂ ಕಡಿಮೆಯಾಗದೆ ರಸ್ತೆ ತನ್ನ ಸಾಮರ್ಥ್ಯದ ಐದರಲ್ಲಿ ಎರಡು ಪಾಲನ್ನು ಕಳೆದುಕೊಳ್ಳುತ್ತದೆ.

ಬಿ.ಎಂ.ರಸ್ತೆಯಂಥ ಬೀದಿ ಮೂರನೆಯ ವರ್ಗಕ್ಕೆ ಸೇರುತ್ತದೆ, ಆದರೆ ಅದರ ಮೇಲೆ ಬೀಳುವ ಹೊರೆ ಮೊದಲನೆಯ ವರ್ಗದ್ದು. ಅಂಗಡಿಯ ಮುಂದೆ ಬೈಕು, ಬೈಕಿನ ಹಿಂದೆ ಸರಕು ಆಟೊ, ಅದರಾಚೆ ಹಣ್ಣಿನ ತಳ್ಳುಗಾಡಿ, ಇನ್ನೂ ಆಚೆ ಕೈ ತೋರಿಸಿದಲ್ಲಿ ನಿಲ್ಲುವ ಬಸ್ಸು. ಪಾದಚಾರಿ ಮಾರ್ಗ ಅಂಗಡಿಯ ಸರಕಿಗೆ ಬಿಟ್ಟುಹೋದ ಕಡೆ ನಡೆಯುವವರೂ ರಸ್ತೆಗೆ ಇಳಿಯುತ್ತಾರೆ. ದಿನಸಿ, ಗೊಬ್ಬರ, ಕಬ್ಬಿಣದ ಅಂಗಡಿಗಳಿಗೆ ಹಗಲು ಹೊತ್ತಿನಲ್ಲೇ ಲಾರಿಯಿಂದ ಸರಕು ಇಳಿಯುವುದು ಇಕ್ಕಟ್ಟನ್ನು ಹೆಚ್ಚಿಸುತ್ತದೆ. ಕೆ.ಆರ್.ನಗರದ ಅಗಲ ಬೀದಿಗಳಲ್ಲೂ ಆಗುವುದು ಇದೇ. ಹೆಚ್ಚುವರಿ ಅಗಲವನ್ನು ನಿಂತ ವಾಹನಗಳು ತೆಗೆದುಕೊಂಡು, ಓಡುವ ವಾಹನಗಳಿಗೆ ಉಳಿಯುವುದು ಎರಡು ಪಥವೇ. ಅಲ್ಲಿನ ಗರುಡಗಂಬ ವೃತ್ತದ ಆಸುಪಾಸು ಇದಕ್ಕೆ ಮಾದರಿ.

ಹಾದುಹೋಗುವ ಸಂಚಾರ

ಕೊಡಗು, ಮಂಗಳೂರು, ವಯನಾಡುಗಳಿಗೆ ಹೋಗುವ ವಾಹನಗಳಿಗೆ ಈ ಪಟ್ಟಣಗಳಲ್ಲಿ ಕೆಲಸವೇನೂ ಇರುವುದಿಲ್ಲ. ವಾರಾಂತ್ಯದ ಪ್ರವಾಸಿಗರು ಇವರಲ್ಲಿ ದೊಡ್ಡ ಗುಂಪು. ಶನಿವಾರ ಬೆಳಿಗ್ಗೆ ಕೊಡಗಿನ ಕಡೆಗೂ ಭಾನುವಾರ ಸಂಜೆ ಮೈಸೂರಿನ ಕಡೆಗೂ ಕಾರುಗಳ ಸಾಲು ಏರುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಲ್ಲಿ ನೆಲೆಗೊಂಡ ಟಿಬೆಟನ್ ವಸಾಹತಿನ ಸ್ವರ್ಣ ದೇವಾಲಯವೂ ಇದೇ ದಾರಿಯ ಪ್ರವಾಸಿ ತಾಣ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಈ ಹೊರೆಯ ಸ್ವರೂಪವನ್ನು ಬದಲಿಸಿತು. ಮೊದಲು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳಲ್ಲಿ ತಡೆತಡೆದು ಬರುತ್ತಿದ್ದ ವಾಹನಗಳು ಈಗ ಒಟ್ಟಿಗೆ, ಕಡಿಮೆ ಅವಧಿಯಲ್ಲಿ ಮೈಸೂರು ದಾಟಿ ದ್ವಿಪಥ ರಸ್ತೆಗೆ ಬಂದು ಬೀಳುತ್ತವೆ. ಒಂದು ಇಕ್ಕಟ್ಟು ಬಿಡಿಸಿದರೆ ದಟ್ಟಣೆ ಮುಂದಿನ ಇಕ್ಕಟ್ಟಿಗೆ ಜರುಗುತ್ತದೆ ಎಂಬುದು ಸಂಚಾರ ಶಾಸ್ತ್ರದ ಹಳೆಯ ಪಾಠ.

ಅರಣ್ಯ ಮಾರ್ಗಗಳ ರಾತ್ರಿ ನಿರ್ಬಂಧವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬಂಡೀಪುರದ ಮೂಲಕ ಕೇರಳಕ್ಕೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಅದಕ್ಕೆ ಬದಲಿಯಾಗಿ ಸೂಚಿಸಿದ್ದು ಹುಣಸೂರು–ಗೋಣಿಕೊಪ್ಪ–ಕುಟ್ಟ ದಾರಿ. ಆದ್ದರಿಂದ ವಯನಾಡಿನ ರಾತ್ರಿ ಲಾರಿಗಳ ಹೊರೆ ಹುಣಸೂರಿಗೆ ಬಂತು. ನಾಗರಹೊಳೆ ಅರಣ್ಯದ ಮೂಲಕ ಹಾದುಹೋಗುವ ಬಾವಲಿ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟು ಬೀಳುವ ಮೊದಲು ಕಾಡು ದಾಟಿಬಿಡಬೇಕೆನ್ನುವ ವಾಹನಗಳು ಮಧ್ಯಾಹ್ನದ ನಂತರ ಎಚ್.ಡಿ.ಕೋಟೆಯನ್ನು ಗುಂಪಾಗಿ ಹಾಯುತ್ತವೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಮುಚ್ಚಿದರೆ ಮಂಗಳೂರಿನ ವಾಹನಗಳ ಒಂದು ಪಾಲು ಮಡಿಕೇರಿ ದಾರಿಗೆ ತಿರುಗಿ ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದುಹೋಗುತ್ತದೆ.

ಬೆಳೆಯ ಕಾಲ

ಮಹಾನಗರದ ದಟ್ಟಣೆಗೆ ದಿನದ ಗಡಿಯಾರವಿದ್ದರೆ ಇಲ್ಲಿನದಕ್ಕೆ ಬೇಸಾಯದ ಪಂಚಾಂಗವೂ ಇದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಮುಂಗಾರಿನ ನಡುವೆ ಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ಸೌದೆ ಸಾಗುತ್ತದೆ. ತಂಬಾಕು ಮಂಡಳಿಯ ಹರಾಜು ಆರಂಭವಾದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್‌ನಿಂದ ಮುಂದಿನ ವರ್ಷದ ಮೊದಲ ತಿಂಗಳುಗಳವರೆಗೆ, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ.ಕೋಟೆಗಳ ಹರಾಜು ಕೇಂದ್ರಗಳತ್ತ ಬೇಲುಗಳನ್ನು ಹೇರಿದ ಟ್ರ್ಯಾಕ್ಟರ್, ಟೆಂಪೊಗಳು ಹೊರಡುತ್ತವೆ. ಕರ್ನಾಟಕದಲ್ಲಿ ಈ ಹರಾಜು ಪದ್ಧತಿ ಜಾರಿಗೆ ಬಂದದ್ದು 1984ರಲ್ಲಿ. ಅದಕ್ಕೂ ಮೊದಲು ವರ್ತಕರಲ್ಲಿ ಚದುರಿಹೋಗುತ್ತಿದ್ದ ಸಾಗಣೆ ಆಮೇಲೆ ಕೆಲವೇ ಅಂಗಳಗಳತ್ತ ಕೇಂದ್ರೀಕೃತವಾಯಿತು. ಸೊಪ್ಪಿನ ದುಡ್ಡು ಕೈಸೇರುವ ತಿಂಗಳುಗಳಲ್ಲಿ ಪೇಟೆಯ ವ್ಯಾಪಾರವೂ ಏರುವುದರಿಂದ ದಟ್ಟಣೆ ಇಮ್ಮಡಿಸುತ್ತದೆ.

ಕೆ.ಆರ್.ನಗರ ಭತ್ತದ ನಾಡು, ಅಕ್ಕಿ ಗಿರಣಿಗಳ ಊರು. ಸುಗ್ಗಿಯಲ್ಲಿ ಭತ್ತದ ಮೂಟೆ, ಹುಲ್ಲಿನ ಹೊರೆ, ಕಟಾವು ಯಂತ್ರಗಳು ರಸ್ತೆಗೆ ಇಳಿಯುತ್ತವೆ. ಟ್ರೇಲರಿನ ಎರಡೂ ಬದಿಗೆ ಚಾಚಿದ ಹುಲ್ಲಿನ ಹೊರೆಯನ್ನು ಹಿಂದಿಕ್ಕುವುದು ದ್ವಿಪಥ ರಸ್ತೆಯಲ್ಲಿ ಬಹುಮಟ್ಟಿಗೆ ಅಸಾಧ್ಯ. ಐಆರ್‌ಸಿಯ ಸಮಾನಾಂಕ ಅಂಥ ಹೊರೆಯನ್ನು ಬೇರೆಯಾಗಿ ಲೆಕ್ಕ ಹಿಡಿದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯ ದನಗಳ ಜಾತ್ರೆ ಇದಕ್ಕೆ ಕೂಡಿಕೊಳ್ಳುತ್ತದೆ.

ಆಡಳಿತ ಮತ್ತು ಸೇವೆಗಳ ಕೇಂದ್ರೀಕರಣ

ಹುಣಸೂರು ಉಪವಿಭಾಗದ ಕೇಂದ್ರ. ಉಪವಿಭಾಗಾಧಿಕಾರಿಯ ನ್ಯಾಯಾಲಯದಲ್ಲಿ ಜಮೀನಿನ ತಕರಾರು ಇರುವವರು ಎಚ್.ಡಿ.ಕೋಟೆಯ ಕಾಡಂಚಿನಿಂದಲೂ ಇಲ್ಲಿಗೆ ಬರಬೇಕು. ಕೆಎ 45 ನೋಂದಣಿ ಸಂಖ್ಯೆಯ ಸಾರಿಗೆ ಕಚೇರಿಯೂ ಇಲ್ಲೇ ಇದೆ. ತಾಲ್ಲೂಕು ಕೇಂದ್ರಗಳಲ್ಲಿ ತಾಲ್ಲೂಕು ಕಚೇರಿ, ನೋಂದಣಿ ಕಚೇರಿ, ನ್ಯಾಯಾಲಯ, ಆಸ್ಪತ್ರೆ, ಕಾಲೇಜು, ಬ್ಯಾಂಕು, ಬಸ್ ನಿಲ್ದಾಣ ಬಹುಪಾಲು ಒಂದೆರಡು ಕಿಲೋಮೀಟರ್ ಫಾಸಲೆಯೊಳಗೆ, ಒಂದೇ ಮುಖ್ಯರಸ್ತೆಯ ಆಸುಪಾಸಿನಲ್ಲಿವೆ. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರ ನಡುವೆ ಶಾಲಾ ವಾಹನ, ನೌಕರರ ಬೈಕು, ಹಳ್ಳಿಗಳ ಬಸ್ಸು ಎಲ್ಲವೂ ಒಂದೇ ಕಡೆಗೆ ಬರುತ್ತವೆ. ಊರಿನ ನಿವಾಸಿಗಳ ಸಂಖ್ಯೆಯನ್ನಷ್ಟೇ ನೋಡಿ ದಟ್ಟಣೆಯನ್ನು ಅಂದಾಜಿಸಿದರೆ ತಪ್ಪಾಗುವುದು ಇದರಿಂದಲೇ. ಹಗಲಿನ ಹುಣಸೂರು ಜನಗಣತಿಯ ಹುಣಸೂರಿಗಿಂತ ದೊಡ್ಡದು.

ವಾರದ ಸಂತೆ, ಹಬ್ಬದ ಮುನ್ನಾದಿನ, ಪಿರಿಯಾಪಟ್ಟಣದ ಮಸಣೀಕಮ್ಮ ದೇವಿಯ ಜಾತ್ರೆ, ಹುಣಸೂರಿನ ಹನುಮ ಜಯಂತಿ ಮೆರವಣಿಗೆಯಂಥ ದಿನಗಳಲ್ಲಿ ಮುಖ್ಯರಸ್ತೆಯ ಸಂಚಾರವನ್ನೇ ಬೇರೆಡೆಗೆ ತಿರುಗಿಸಬೇಕಾಗುತ್ತದೆ. ಬದಲಿ ಬೀದಿಗಳು ಕಿರಿದಾಗಿರುವುದರಿಂದ ಒಂದು ಬಸ್ಸು ತಿರುಗಲಾಗದೆ ನಿಂತರೂ ಜಾಮ್ ಆಗುತ್ತದೆ.

ಸಾರಿಗೆಯ ಆಯ್ಕೆ

ಹಳ್ಳಿಗೆ ಬಸ್ಸಿನ ಹೊತ್ತು ಬೆಳಿಗ್ಗೆ ಒಂದು, ಸಂಜೆ ಒಂದು ಎಂಬಂತಿದ್ದರೆ ಜನ ಬೈಕು ಕೊಳ್ಳುತ್ತಾರೆ. ಸಾಲ ಸುಲಭವಾದ ಮೇಲೆ ದ್ವಿಚಕ್ರ ವಾಹನವೇ ಹಳ್ಳಿಯ ಮುಖ್ಯ ಸಾರಿಗೆ. ಓಡುವಾಗ ಅದು ಹಿಡಿಯುವ ಜಾಗ ಕಡಿಮೆ, ಆದರೆ ಪೇಟೆಯಲ್ಲಿ ಅರ್ಧ ದಿನ ನಿಂತಾಗ ರಸ್ತೆಯಂಚನ್ನು ತಿನ್ನುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳಾ ಪ್ರಯಾಣಿಕರು ಹೆಚ್ಚಿದರು. ಒಂದು ತುಂಬಿದ ಬಸ್ಸು ಹತ್ತಾರು ಬೈಕುಗಳ ಜಾಗ ಉಳಿಸುತ್ತದೆ. ಆದರೆ ನಿಲ್ದಾಣದೊಳಗೆ ಹೋಗದೆ ಬೀದಿಯಲ್ಲೇ ಜನ ಹತ್ತಿಳಿಯುವ ಕಡೆ, ಪ್ರಯಾಣಿಕರು ಹೆಚ್ಚಿದಷ್ಟೂ ಬಸ್ಸು ನಿಲ್ಲುವ ಹೊತ್ತು ಹೆಚ್ಚಿ ಹಿಂದಿನ ಸಾಲು ಬೆಳೆಯುತ್ತದೆ.

ಬಗೆಗಳು

ಸಂಚಾರ ಶಾಸ್ತ್ರ ದಟ್ಟಣೆಯನ್ನು ನಿತ್ಯದ್ದು ಮತ್ತು ಆಕಸ್ಮಿಕದ್ದು ಎಂದು ಎರಡಾಗಿ ವಿಂಗಡಿಸುತ್ತದೆ. ಮೊದಲನೆಯದು ಶಾಲೆ–ಕಚೇರಿ ಹೊತ್ತಿನದು. ಎರಡನೆಯದು ಅಪಘಾತ, ಕೆಟ್ಟುನಿಂತ ಲಾರಿ, ಕುಡಿಯುವ ನೀರಿನ ಪೈಪಿಗಾಗಿ ಅಗೆದ ಗುಂಡಿ, ಪ್ರತಿಭಟನೆಗಳಿಂದ ಬರುವುದು. ಈ ಸೀಮೆಗೆ ಬೆಳೆಯ ಕಾಲದ ದಟ್ಟಣೆಯನ್ನು ಮೂರನೆಯ ಬಗೆಯಾಗಿ ಸೇರಿಸುವುದು ಯುಕ್ತ. ಅದು ಮೊದಲೇ ಗೊತ್ತಿರುವುದರಿಂದ ಆಕಸ್ಮಿಕವಲ್ಲ, ಕೆಲವು ತಿಂಗಳಷ್ಟೇ ಇರುವುದರಿಂದ ನಿತ್ಯವೂ ಅಲ್ಲ.

ಯಾವ ಅಡಚಣೆಯೂ ಇಲ್ಲದೆಯೂ ದಟ್ಟಣೆ ಹುಟ್ಟಬಲ್ಲದು. ಜಪಾನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 230 ಮೀಟರ್ ಸುತ್ತಳತೆಯ ವೃತ್ತಾಕಾರದ ದಾರಿಯಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಲಾಯಿತು. ಸ್ವಲ್ಪ ಹೊತ್ತಿನಲ್ಲೇ ಒಬ್ಬರ ಸಣ್ಣ ಬ್ರೇಕು ಹಿಂದಿನವರಿಗೆ ದಾಟುತ್ತ ಅಲೆಯಾಗಿ, ಕಾರುಗಳು ನಿಂತು ಹೊರಡತೊಡಗಿದವು. ಪಥಶಿಸ್ತಿಲ್ಲದ ಮಿಶ್ರ ಸಂಚಾರದಲ್ಲಿ, ಅದರಲ್ಲೂ ರಸ್ತೆಯುಬ್ಬುಗಳು ಒತ್ತೊತ್ತಾಗಿರುವ ಕಡೆ, ಇಂಥ ಅಲೆಗಳಿಗೆ ಕಾರಣಗಳು ಹೇರಳ.

ನಿಯಂತ್ರಣದ ಚೌಕಟ್ಟು

ವಾಹನ ಸಂಚಾರವನ್ನು ನಿರ್ಬಂಧಿಸುವ, ನಿಲುಗಡೆಯ ಜಾಗ ಗೊತ್ತುಮಾಡುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 115 ಮತ್ತು 117ನೇ ಕಲಮುಗಳಲ್ಲಿದೆ. ಪೇಟೆಯ ಒತ್ತುವರಿ ತೆರವು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಸ್ಥಳೀಯ ಸಂಸ್ಥೆಯ ಹೊಣೆ. ಹುಣಸೂರಿನಲ್ಲಿ ನಗರಸಭೆ, ಉಳಿದ ಕಡೆ ಪುರಸಭೆ. ಬೀದಿ ವ್ಯಾಪಾರಿಗಳನ್ನು ಸುಮ್ಮನೆ ಎಬ್ಬಿಸಿ ಕಳಿಸಲು 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವಕಾಶ ಕೊಡುವುದಿಲ್ಲ. ಸಮೀಕ್ಷೆ ನಡೆಸಿ, ಪಟ್ಟಣದ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳವರೆಗೆ ಜಾಗ ಗುರುತಿಸಿಕೊಡಬೇಕೆಂಬುದು ಅದರ ನಿಯಮ. ಹೆದ್ದಾರಿಯ ಡಾಂಬರು ಒಂದು ಇಲಾಖೆಯದು, ಪಕ್ಕದ ಚರಂಡಿ ಇನ್ನೊಂದರದು, ನಿಂತ ವಾಹನಕ್ಕೆ ದಂಡ ಹಾಕುವವರು ಪೊಲೀಸರು. ಹೊಣೆ ಹೀಗೆ ಹಂಚಿಹೋಗಿರುವುದನ್ನೂ ಕಾರಣಗಳ ಪಟ್ಟಿಗೆ ಸೇರಿಸಬಹುದು.

ಏಕಮುಖ ಸಂಚಾರ, ದಿನ ಬಿಟ್ಟು ದಿನ ಒಂದೊಂದು ಬದಿಗೆ ನಿಲುಗಡೆ, ಸರಕು ಇಳಿಸಲು ಹೊತ್ತು ಗೊತ್ತುಪಡಿಸುವುದು ಚಿಕ್ಕ ಪಟ್ಟಣಗಳಿಗೆ ಒಗ್ಗುವ, ಹೆಚ್ಚು ಖರ್ಚಿಲ್ಲದ ಕ್ರಮಗಳು. 1975ರಲ್ಲಿ ಸಿಂಗಪುರ, 2003ರಲ್ಲಿ ಲಂಡನ್ ಜಾರಿಗೆ ತಂದ ದಟ್ಟಣೆ ಶುಲ್ಕದಂಥ ಉಪಾಯಕ್ಕೆ ಒಳ್ಳೆಯ ಬದಲಿ ಸಾರಿಗೆ ಬೇಕಾದ್ದರಿಂದ ಅದು ಇಲ್ಲಿಗೆ ಅನ್ವಯಿಸುವುದಿಲ್ಲ.

ಪ್ರಸ್ತುತ ಸ್ಥಿತಿ

ಹುಣಸೂರಿನಲ್ಲಿ ಈಗಾಗಲೇ ಬೈಪಾಸ್ ರಸ್ತೆಯಿದೆ. ಊರಿನಲ್ಲಿ ಕೆಲಸವಿಲ್ಲದ ವಾಹನಗಳಿಗೆ ಅದು ದಾರಿ. ಬಸ್ಸು, ಟ್ರ್ಯಾಕ್ಟರ್, ಕಚೇರಿಗೆ ಬಂದವರ ವಾಹನಗಳಿಗೆ ಅದರಿಂದ ಪ್ರಯೋಜನ ಕಡಿಮೆ. ಇದಕ್ಕಿಂತ ದೊಡ್ಡ ಯೋಜನೆಯೆಂದರೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಬಳಿಯಿಂದ ಕುಶಾಲನಗರ ಸಮೀಪದ ಗುಡ್ಡೆಹೊಸೂರಿನವರೆಗಿನ ಸುಮಾರು 92 ಕಿಲೋಮೀಟರ್ ಉದ್ದದ ಚತುಷ್ಪಥ ಹೆದ್ದಾರಿ. ಸುಮಾರು 4,130 ಕೋಟಿ ರೂಪಾಯಿ ಅಂದಾಜಿನ ಇದಕ್ಕೆ ಶಂಕುಸ್ಥಾಪನೆಯಾದದ್ದು ದಶಪಥ ಹೆದ್ದಾರಿ ಉದ್ಘಾಟನೆಯಾದ ದಿನವೇ. ಮೈಸೂರು–ಕುಶಾಲನಗರ ರೈಲು ಮಾರ್ಗದ ಪ್ರಸ್ತಾವವೂ ಹಲವು ವರ್ಷಗಳಿಂದ ಇದೆ.

ಚತುಷ್ಪಥ ಹೆದ್ದಾರಿ ಪೂರ್ಣವಾದರೆ ಹುಣಸೂರು, ಪಿರಿಯಾಪಟ್ಟಣಗಳ ಬಿ.ಎಂ.ರಸ್ತೆಗಳಿಂದ ಪ್ರವಾಸಿ ಕಾರುಗಳ ಮತ್ತು ದೂರದ ಲಾರಿಗಳ ಪಾಲು ಇಳಿಯುತ್ತದೆ. ಹೊಸ ರಸ್ತೆಯ ಕೂಡುಗಳ ಬಳಿ ಹೋಟೆಲು, ಪೆಟ್ರೋಲ್ ಬಂಕು, ಬಡಾವಣೆಗಳು ಎದ್ದು ಅಲ್ಲೇ ಇನ್ನೊಂದು ಪೇಟೆ ಬೆಳೆಯುವುದು ರಾಜ್ಯದ ಬೇರೆ ಬೈಪಾಸುಗಳಲ್ಲಿ ಕಂಡುಬಂದಿದೆ. ಎಚ್.ಡಿ.ಕೋಟೆ ಈ ಯೋಜನೆಯ ಹಾದಿಯಲ್ಲಿಲ್ಲ. ಪಟ್ಟಣದ ಹೊರಗಿನ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಮೈಸೂರು, ಸರಗೂರು, ಕೋಟೆಯ ಕಡೆಯ ವಾಹನಗಳು ಎಂದಿನಂತೆ ಸೇರುತ್ತವೆ. ಕಬಿನಿ ಹಿನ್ನೀರಿನ ರೆಸಾರ್ಟುಗಳಿಗೂ ಸಫಾರಿಗೂ ಹೋಗುವ ಕಾರುಗಳು ಶುಂಠಿ ಲಾರಿಗಳ ಹಿಂದೆಯೇ ಸಾಲುಗಟ್ಟುತ್ತವೆ.